ಮೇಷ್ಟ್ರು ಅರ್ಧಕ್ಕೆ ಬಿಟ್ಟ ವಾಕ್ಯ

ನಮ್ಮ ಇತಿಹಾಸದ ಮೇಷ್ಟ್ರ ಬೆರಳುಗಳಿಗೆ ಸದಾ ನಶ್ಯದ ಘಾಟು. ಕಣ್ಣು ಕಾಣದ ನನಗೆ, ಅವರು ಮಾತಾಡುವ ಮೊದಲೇ, ಬಾಗಿಲಲ್ಲಿದ್ದಾರೆಂದು ಆ ಘಾಟಿನಿಂದಲೇ ತಿಳಿಯುತ್ತಿತ್ತು. ಗುಂಡ್ಲುಪೇಟೆಯಿಂದ ದಿನಾ ಬಸ್ಸಿನಲ್ಲಿ ಚಾಮರಾಜನಗರಕ್ಕೆ, ವಿಶ್ವವಿದ್ಯಾನಿಲಯದ ನಮ್ಮ ಎಂ.ಎ. ಕೇಂದ್ರಕ್ಕೆ ಬರುತ್ತಿದ್ದರು. ಬೋರ್ಡಿನ ಮೇಲೆ ಬರೆದದ್ದನ್ನೆಲ್ಲ ನನಗಾಗಿ ಗಟ್ಟಿಯಾಗಿ ಹೇಳುವರು. ಸುಮ್ಮನೆ ಗೆರೆ ಎಳೆದರೂ, "ಗೆರೆ ಎಳ್ದೆ ಕಣಮ್ಮಿ" ಎನ್ನುವರು.

ನಾನು ಹರವೆಯ ಹುಡುಗಿ. ಹಾಸ್ಟೆಲಿನಲ್ಲಿ ಗೆಳತಿ ಪುಸ್ತಕ ಓದಿ ಹೇಳಬೇಕಿತ್ತು. ಅವಳಿಗೆ ಆಕಳಿಕೆ ಬಂದರೆ ನನ್ನ ಓದೂ ಮುಗಿಯಿತು.

"ಓದಿಸ್ಕೊಳ್ಳೋದು ಬ್ಯಾರೆ, ಓದೋದು ಬ್ಯಾರೆ. ನೀನೇ ಓದೋ ಹಂಗೆ ಮಾಡ್ತೀನಿ ಇರು" ಎಂದ ಮೇಷ್ಟ್ರು, ವರ್ಷವಿಡೀ ಕೂತು ಪಾಠಗಳನ್ನೆಲ್ಲ ಕನ್ನಡದಲ್ಲಿ ಟೈಪ್ ಮಾಡಿ ಸಿ.ಡಿ. ಮಾಡಿಸಿದರು. ಪರದೆಯ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶ ಮೈಸೂರಿನಿಂದ ಬಂದದ್ದು ಮಾತ್ರ ಸಿ.ಡಿ. ಬಿಡುಗಡೆಯ ದಿನವೇ.

ಸಭೆ ತುಂಬಿತ್ತು. ಮೇಷ್ಟ್ರು ನನ್ನ ಕೈಯನ್ನು ಕೀಲಿಮಣೆಯ ಮೇಲಿಟ್ಟು, "ಒತ್ತಮ್ಮಿ, ಎಲ್ಲಾರೂ ಕೇಳ್ಲಿ" ಎಂದರು. ಒತ್ತಿದೆ. "ಎ, ಜೆಡ್, ವಿ, ಸ್ಲ್ಯಾಶ್..." ಧ್ವನಿವರ್ಧಕ ಇಂಗ್ಲಿಷ್ ಅಕ್ಷರಗಳ ಚೂರುಗಳನ್ನು ಉಗುಳತೊಡಗಿತು. ಯಾರೋ ಕಿಸಕ್ಕೆಂದರು. ಆಮೇಲೆ ಸಭೆಗೆ ಸಭೆಯೇ ನಕ್ಕಿತು.

ಮೇಷ್ಟ್ರು ಮೈಕಿನಲ್ಲಿ ಹೇಳಿದರು: "ನಗಬ್ಯಾಡಿ. ತಪ್ಪು ಈ ಮಗೀದಲ್ಲ, ನಂದು."

ಅವರು ಬಳಸಿದ್ದ ಹಳೆಯ ಫಾಂಟು ನೋಡುವವರ ಕಣ್ಣಿಗಷ್ಟೇ ಕನ್ನಡ. ಅದರೊಳಗೆ ಇದ್ದದ್ದು ಇಂಗ್ಲಿಷ್ ಅಕ್ಷರಗಳು. ಯಂತ್ರ ಇದ್ದದ್ದನ್ನೇ ಓದಿತ್ತು. ಇದು ತಿಳಿದ ದಿನ ಅವರು ಊಟಕ್ಕೂ ಏಳಲಿಲ್ಲವಂತೆ. ಮರುದಿನದಿಂದ ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲೇ ಕೂತು ಎಲ್ಲವನ್ನೂ, ಯಂತ್ರಕ್ಕೂ ಕನ್ನಡವಾಗಿಯೇ ಕಾಣುವ ಯೂನಿಕೋಡಿನಲ್ಲಿ ಮೊದಲಿಂದ ಟೈಪ್ ಮಾಡತೊಡಗಿದರು.

ಮೊದಲ ಪಾಠ ಕಿವಿಗೆ ಬಿದ್ದಾಗ, ಒಂದು ವಾಕ್ಯವನ್ನು ನಿಲ್ಲಿಸಿ ಮತ್ತೆ ಓದಿಸಿದೆ.

"ಯಾಕಮ್ಮಿ, ಮತ್ತೆ ಕೆಟ್ಟೋಯ್ತಾ?" ಮೇಷ್ಟ್ರು ಗಾಬರಿಯಾದರು.

"ಇಲ್ಲ ಸಾರ್. ಚೆನ್ನಾಗಿತ್ತು, ಇನ್ನೊಂದ್ಸಲ ಓದ್ಕೊಂಡೆ."

ಅವರು ಮೂಗೊರೆಸಿಕೊಂಡ ಸದ್ದು ಕೇಳಿಸಿತು. ನಶ್ಯಕ್ಕಲ್ಲ.

ಕೊನೆಯ ಪಾಠ ಬಾಕಿಯಿರುವಾಗ ಒಂದು ಬೆಳಿಗ್ಗೆ ನಾವೆಲ್ಲ ತರಗತಿಯಲ್ಲಿ ಕಾಯುತ್ತಿದ್ದೆವು. ಅಟೆಂಡರ್ ಬಂದು ಬಾಗಿಲಲ್ಲಿ ನಿಂತ. "ಮೇಷ್ಟ್ರು ಓಗ್ಬುಟ್ರಂತೆ."

"ಎಲ್ಲಿಗೆ?" ಎಂದೆ ನಾನು.

"ತೆರಕಣಾಂಬಿ ತಾವ, ಬರೋ ಬಸ್ನಲ್ಲೇ. ಎದೆ ಇಡ್ಕಂಡ್ರಂತೆ" ಎಂದು ಅವನು ಅಳುತ್ತ ಹೇಳಿದ.

ಎಷ್ಟೋ ದಿನ ಲ್ಯಾಬಿನ ಕಡೆ ಹೋಗಲಾಗಲಿಲ್ಲ. ಹೋದ ದಿನ ಆ ಕೊನೆಯ ಪಾಠವನ್ನು ತೆರೆದೆ. "ಕೆರೆ ಕಟ್ಟಿಸಿದವರ ಹೆಸರು ಶಾಸನದಲ್ಲಿದೆ, ಮಣ್ಣು ಹೊತ್ತವರ..." ಎಂದು ಯಂತ್ರ ಸುಮ್ಮನಾಯಿತು. ಕೆಟ್ಟಿತೆಂದುಕೊಂಡು ಮತ್ತೆ ಮತ್ತೆ ಗುಂಡಿ ಒತ್ತಿದೆ. ಅಲ್ಲಿಂದ ಮುಂದೆ ಏನೂ ಇರಲಿಲ್ಲ. ಸಂಜೆಯ ಬಸ್ಸಿಗೆ ಹೊತ್ತಾಯಿತೆಂದು ಅಷ್ಟಕ್ಕೇ ಎದ್ದಿದ್ದರೇನೋ.

ಗೆಳತಿ ಪುಸ್ತಕ ಓದಿದಳು, ಉಳಿದದ್ದನ್ನು ನಾನು ಟೈಪ್ ಮಾಡಿದೆ. ಆ ವಾಕ್ಯವನ್ನು ಮುಗಿಸಲು ಮಾತ್ರ ಕೈ ಬರಲಿಲ್ಲ. ಅದನ್ನು ಹಾಗೆಯೇ ಬಿಟ್ಟು, ಮುಂದಿನ ಸಾಲಿನಿಂದ ಶುರುಮಾಡಿದೆ.