ನಾಲ್ಕನೆಯ ಸುತ್ತಿನ ಪಿನ್ನು

ಸಂಜೆ ಏಳಕ್ಕೆ ಇಗರ್ಜಿಯ ಗಂಟೆ ಹೊಡೆದರೆ ನಮ್ಮ ಮನೆಯಲ್ಲಿ ಟಿ.ವಿ. ಬಂದ್. ಒಲೆಯ ಮೇಲೆ ಬಂಗಡೆ ಸಾರು ಕುದಿಯುತ್ತಿದ್ದರೂ ಉರಿ ಸಣ್ಣ ಮಾಡಿ, ಎಲ್ಲರೂ ದೇವರ ಪೀಠದ ಮುಂದೆ ಮೊಣಕಾಲೂರಬೇಕು. ಹೊನ್ನಾವರದ ನಮ್ಮ ಕ್ರೈಸ್ತರ ಮನೆಗಳಲ್ಲಿ ಈ ಜಪಮಾಲೆಯ ಪ್ರಾರ್ಥನೆಗೆ ತೇರ್ಸ್ ಎನ್ನುತ್ತೇವೆ. ಮಾಲೆಗೆ ಐದು ಸುತ್ತು, ಸುತ್ತಿಗೆ ಹತ್ತು ಮಣಿ. ನಮ್ಮಲ್ಲಿ ಮೊದಲನೆಯ ಸುತ್ತು ಅಪ್ಪನದು, ಎರಡನೆಯದು ಅಮ್ಮನದು, ಅವಳನ್ನು ನಾವು ಮಾಯ್ ಎಂದು ಕರೆಯುತ್ತಿದ್ದೆವು. ಮೂರನೆಯದು ಅಕ್ಕನದು, ನಾಲ್ಕನೆಯದು ನನ್ನದು. ಐದನೆಯದನ್ನು ಎಲ್ಲರೂ ಸೇರಿ ಮುಗಿಸುತ್ತಿದ್ದೆವು. ನನಗೆ ಆ ಸುತ್ತು ಸಿಕ್ಕಿದ್ದು ಆರನೆಯ ವಯಸ್ಸಿನಲ್ಲಿ. ಅಲ್ಲಿಯ ತನಕ ಗೋಡೆಗೊರಗಿ ತೂಕಡಿಸುತ್ತಿದ್ದವನು ಅಂದಿನಿಂದ ದೊಡ್ಡ ಮನುಷ್ಯನಾದೆ.

ಇದಕ್ಕೊಂದು ಕಟ್ಟಳೆಯಿತ್ತು. ಸತ್ತವರ ಸುತ್ತು, ಮದುವೆಯಾಗಿ ಹೋದವರ ಸುತ್ತು ಇನ್ನೊಬ್ಬರ ಪಾಲಿಗೆ ಬರುತ್ತದೆ. ಅಪ್ಪ ತೀರಿಕೊಂಡ ಮೇಲೆ ಅವನದನ್ನು ಮಾಯ್ ವಹಿಸಿಕೊಂಡಳು. ಅಕ್ಕ ಕುಮಟೆಗೆ ಮದುವೆಯಾಗಿ ಹೋದಳು, ಅವಳದು ನನ್ನ ಹೆಂಡತಿಗೆ ಬಂತು. ಆದರೆ ಮನೆಯಲ್ಲಿ ಬದುಕಿರುವವನ ಸುತ್ತನ್ನು ಬೇರೆ ಯಾರೂ ಹೇಳುವಂತಿಲ್ಲ. ತಡವಾದರೆ ಬಂದು ಅವನೇ ಹೇಳಬೇಕು.

ನಾನು ದೇವರನ್ನು ಬಿಟ್ಟೆ ಎಂದು ಊರಲ್ಲಿ ಯಾರೂ ಹೇಳಲಾರರು. ಇಗರ್ಜಿಯ ಕ್ವಾಯರಿಗೆ ನಾನೇ ಯಜಮಾನ. ಭಟ್ಕಳದ ಶಾಲೆಯಲ್ಲಿ ಮೇಷ್ಟರಿಕೆ ಮುಗಿಸಿ ಬಂದವನು ಚಾ ಕುಡಿದು ಹಾಡಿನ ಪ್ರಾಕ್ಟೀಸಿಗೆ ಓಡುತ್ತಿದ್ದೆ. ಮೊದಲು ಹಾರ್ಮೋನಿಯಂ ಇತ್ತು, ಆಮೇಲೆ ಕೀಬೋರ್ಡ್ ಬಂತು, ಅದರ ಹಿಂದೆಯೇ ಹಾಡನ್ನು ನೇರಪ್ರಸಾರ ಮಾಡಲು ಸ್ಟ್ಯಾಂಡಿಗೆ ಸಿಕ್ಕಿಸಿದ ಫೋನು. ಒಂದು ಕ್ರಿಸ್‌ಮಸ್ ಹಾಡನ್ನು ಗಲ್ಫಿನಲ್ಲಿರುವ ನಮ್ಮವರೆಲ್ಲ ನೋಡಿ ಹೊಗಳಿದರು. ಮುರ್ಡೇಶ್ವರದಿಂದ, ಕುಮಟೆಯಿಂದ ಮದುವೆಗಳಿಗೆ ಕರೆ ಬಂತು. ನನ್ನ ತಲೆ ಹೆಗಲ ಮೇಲೆ ನಿಲ್ಲದಾಯಿತು. ಪೂಜೆಯಲ್ಲಿ ಪಾದ್ರಿ ಪರಮಪ್ರಸಾದವನ್ನು ಎತ್ತಿ ಹಿಡಿದಾಗ ಎಲ್ಲರೂ ತಲೆ ಬಗ್ಗಿಸುತ್ತಿದ್ದರು. ನಾನೂ ಬಗ್ಗಿಸುತ್ತಿದ್ದೆ, ಫೋನಿನಲ್ಲಿ ಎಷ್ಟು ಜನ ನೋಡುತ್ತಿದ್ದಾರೆ ಎಂದು ತಿಳಿಯಲು. ದೇವರನ್ನು ಬಿಟ್ಟು ಚಿನ್ನದ ಕರುವಿಗೆ ಅಡ್ಡಬಿದ್ದವರ ಬೈಬಲ್ ಕಥೆಯನ್ನು ಭಾನುವಾರ ಮಕ್ಕಳಿಗೆ ಹೇಳಿಕೊಡುತ್ತಿದ್ದವನೂ ನಾನೇ. ನನ್ನ ಕರು ನನ್ನ ಗಂಟಲಲ್ಲೇ ಇತ್ತು.

ಪ್ರಾಕ್ಟೀಸ್ ಏಳಕ್ಕೇ ಇರುತ್ತಿತ್ತು. ಚಪ್ಪಲಿ ಮೆಟ್ಟುವಾಗ ಮಾಯ್ ಬಾಗಿಲಿಗೆ ಬರುತ್ತಿದ್ದಳು. ಮನೆಯಲ್ಲಿ ನಮ್ಮ ಮಾತು ಕೊಂಕಣಿ. ಅದನ್ನು ಕನ್ನಡ ಮಾಡಿ ಬರೆಯುತ್ತಿದ್ದೇನೆ.

“ಎಂತ ಪುತಾ, ಇವತ್ತೂ ಪ್ರಾಕ್ಟೀಸಾ?”

“ಅದೂ ದೇವ್ರ ಕೆಲ್ಸವೇ ಅಲ್ದಾ ಮಾಯ್?”

“ಹೌದು. ಬಂದ್ಮೇಲೆ ನಿಂದೊಂದು ಹೇಳು.”

“ಆತು.”

ಬರುತ್ತಿದ್ದೆ, ಉಣ್ಣುತ್ತಿದ್ದೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ನನ್ನದೇ ಹಾಡು ಕೇಳುತ್ತಿದ್ದೆ. ಹೀಗೆ ಆರು ವರ್ಷ.

ಆ ನಡುವೆ ಒಂದು ದಿನ ಪೀಠದ ಪಕ್ಕದ ಮೊಳೆಯಲ್ಲಿ ಮಾಯ್‌ಳ ಕಪ್ಪು ಜಪಮಾಲೆ ತೂಗುತ್ತಿತ್ತು. ಅದರ ಸರಪಳಿಗೊಂದು ಸೇಫ್ಟಿ ಪಿನ್ನು. ಹರಿದಿರಬೇಕು ಎಂದುಕೊಂಡೆ. ಗೋವೆಯ ಹಬ್ಬಕ್ಕೆ ಹಾಡಲು ಹೋದಾಗ ಹೊಳೆಯುವ ಗಾಜಿನ ಮಣಿಯ ಹೊಸ ಮಾಲೆ ತಂದುಕೊಟ್ಟೆ. ಅವಳು ಅದರ ಶಿಲುಬೆಗೆ ಮುತ್ತಿಟ್ಟು, ಕಪಾಟಿನಲ್ಲಿಟ್ಟಳು. ಹಳೆಯದನ್ನೇ ಹಿಡಿದುಕೊಂಡಳು. ಮುದುಕರ ಹಟ ಎಂದು ನಕ್ಕೆ.

ಈ ವರ್ಷ ಈಸ್ಟರಿನ ಪವಿತ್ರ ವಾರಕ್ಕೆ ಮೊದಲು ಮಾಯ್ ಹಾಸಿಗೆ ಹಿಡಿದಳು. ಒಂದು ಸಂಜೆ ನಾನು ಪ್ರಾಕ್ಟೀಸಿಗೆ ಹೊರಟಾಗ ಕೈ ಹಿಡಿದಳು. ಹಿಡಿತದಲ್ಲಿ ಬಲವಿರಲಿಲ್ಲ.

“ಇವತ್ತೊಂದಿನ ಹೇಳಿ ಹೋಗು.”

“ಬಂದು ಹೇಳ್ತೆ ಮಾಯ್. ಎಲ್ರೂ ಕಾಯ್ತಾ ಇದ್ದಾರೆ.”

ಬಂದಾಗ ನಿದ್ದೆ ಹೋಗಿದ್ದಳು. ಬೆಳಿಗ್ಗೆ ಏಳಲಿಲ್ಲ.

ಪೆಟ್ಟಿಗೆಯಲ್ಲಿ ಮಲಗಿಸುವಾಗ ಸತ್ತವರ ಕೈಗೆ ಜಪಮಾಲೆ ಸುತ್ತುವುದು ನಮ್ಮ ಪದ್ಧತಿ. ನಾನು ಕಪಾಟಿನಿಂದ ಗಾಜಿನ ಮಾಲೆ ತಂದೆ. ಮನೆಗೆ ಜನ ಬರುತ್ತಾರೆ, ಹರಿದದ್ದು ಚೆನ್ನಾಗಿ ಕಾಣುವುದಿಲ್ಲ ಎಂದೆ. ಫೋನಿನಲ್ಲೂ ಚೆನ್ನಾಗಿ ಕಾಣಲಿ ಎಂಬ ಆಸೆ ಒಳಗೆ ಇತ್ತು, ಈಗ ಮುಚ್ಚಿಟ್ಟು ಏನು ಪ್ರಯೋಜನ.

ಹೆಂಡತಿ ಮೊಳೆಯಿಂದ ಕಪ್ಪು ಮಾಲೆ ತೆಗೆದಳು. “ಹರಿದಿದೆ ಅಂತ ಯಾರು ಹೇಳಿದ್ರು?” ಎಂದಳು. “ಮೂರು ಸುತ್ತು ಆದ್ಮೇಲೆ ಅಲ್ಲಿ ಪಿನ್ನು ಹಾಕಿಡ್ತಿದ್ರು. ನಾಲ್ಕನೇದು ನಿಮ್ಮದಲ್ಲ? ಅದಾಗದೆ ಐದನೇದು ಹೇಗೆ ಹೇಳೂದು ಅಂತಿದ್ರು. ಮರುದಿನ ಸಂಜೆ ಪಿನ್ನು ತೆಗ್ದು ಮತ್ತೆ ಮೊದಲಿಂದ.”

“ನಂಗೆ ಯಾಕೆ ಹೇಳ್ಲಿಲ್ಲ?”

“ಹೇಳ್ಬೇಡ ಅಂದಿದ್ರು. ಅವ್ನಿಗೇ ನೆನಪಾಗ್ಲಿ ಅಂತ.”

ಆರು ವರ್ಷದಿಂದ ನಮ್ಮ ಮನೆಯಲ್ಲಿ ತೇರ್ಸ್ ಮುಗಿದೇ ಇರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಊರಿಗೆಲ್ಲ ಪಾಠ ಹೇಳುವವನ ಮನೆ ಅದು.

ಪಿನ್ನು ಬಿಚ್ಚಲು ಕೈ ಹಾಕಿದೆ. ಹೆಂಡತಿ ಮೆಲ್ಲಗೆ ನನ್ನ ಕೈ ಸರಿಸಿದಳು. “ಇರ್ಲಿ ಬಿಡಿ. ನಿಮ್ಮದು ಇನ್ನೂ ಆಗ್ಲಿಲ್ಲ ಅಲ್ಲ.” ಪಿನ್ನಿನ ಸಮೇತ ಆ ಮಾಲೆಯನ್ನೇ ಮಾಯ್‌ಳ ಕೈಗೆ ಸುತ್ತಿದಳು.

ಇಗರ್ಜಿಯಲ್ಲಿ ನಾನು ಹಾಡಬೇಕಿತ್ತು. ಬಾಯಿ ತೆರೆದರೂ ಸ್ವರ ಬರಲಿಲ್ಲ. ತಾಯಿಯ ದುಃಖ ಎಂದು ಜನ ಕನಿಕರಪಟ್ಟರು. ನಾಚಿಕೆಯೂ ಗಂಟಲು ಕಟ್ಟುತ್ತದೆ ಎಂದು ಅವರಿಗೆ ಎಲ್ಲಿಂದ ಗೊತ್ತಾಗಬೇಕು.

ಏಳನೆಯ ದಿನದ ಪೂಜೆಯಾದ ಮೇಲೆ ಪಾಪನಿವೇದನೆಗೆ ಹೋಗಿ ಎಲ್ಲವನ್ನೂ ಹೇಳಿಕೊಂಡೆ. ಪಾದ್ರಿ ಪ್ರಾಯಶ್ಚಿತ್ತವಾಗಿ ಮನೆಯಲ್ಲಿ ಒಂದು ತೇರ್ಸ್ ಹೇಳು ಎಂದರು. ಇಷ್ಟೇನಾ ಎಂದುಕೊಂಡೆ.

ಅಂದು ಏಳರ ಗಂಟೆಗೆ ನಾವಿಬ್ಬರೇ ಮೊಣಕಾಲೂರಿದೆವು. ಮಾಯ್‌ಳ ಎರಡು ಸುತ್ತು ಈಗ ಹೆಂಡತಿಯ ಪಾಲು. ತನ್ನದನ್ನೂ ಸೇರಿಸಿ ಮೂರು ಹೇಳಿ ಅವಳು ನಿಲ್ಲಿಸಿದಳು. ಗೋಡೆಯ ಗಡಿಯಾರ ಕೇಳಿಸುತ್ತಿತ್ತು. ಈ ಸದ್ದನ್ನು ಕೇಳುತ್ತಾ ಮಾಯ್ ದಿನಾ ಕಾದಳಲ್ಲ ಎನಿಸಿತು. ಕೊನೆಗೆ ಮೊದಲ ಮಣಿ ಹಿಡಿದು ಮೇರಿ ಮಾತೆಯ ಜಪ ‘ನಮಾನ್ ಮರಿಯೆ’ ಎಂದೆ, ಒಡಕು ಸ್ವರದಲ್ಲಿ, ರಾಗವಿಲ್ಲದೆ. ಕೇಳುವ ಜನರಿಗಾಗಿ ಅಲ್ಲದೆ ನಾನು ಬಾಯಿ ತೆರೆದು ಎಷ್ಟೋ ಕಾಲವಾಗಿತ್ತು. ಹತ್ತು ಮಣಿ ಮುಗಿಯಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಇಬ್ಬರೂ ಸೇರಿ ಐದನೆಯದನ್ನು ಹೇಳಿದೆವು.

ಈಗ ಪ್ರಾಕ್ಟೀಸ್ ಭಾನುವಾರ ಪೂಜೆಯಾದ ಮೇಲೆ. ಏಳಕ್ಕೆ ಮನೆಯಲ್ಲಿರುತ್ತೇನೆ, ನಮ್ಮ ತೇರ್ಸ್ ದಿನಾ ಮುಗಿಯುತ್ತದೆ. ಮಾಯ್‌ದು ಮಾತ್ರ ಮೂರು ಸುತ್ತಿಗೆ ಪಿನ್ನು ಹಾಕಿಕೊಂಡು ಅವಳ ಕೈಯಲ್ಲಿ, ಮಣ್ಣಿನಡಿ ಇದೆ.