ಭಾವ ಸೋಲೊಪ್ಪಿದ ದಿನ

ನಮ್ಮ ಭಾವ ವಾದೀಶ ತಮಿಳು ಸೀಮೆಯ ತುಡಿಯಲೂರಿನ ಪಂಪ್ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಸಾಧು ಮನುಷ್ಯ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ತಾನೇ ಸಾರಿ ಕೇಳುತ್ತಾನೆ. ಆದರೆ ‘ಫೋರ್ತ್’ ಅಂತ ಒಂದು ಹಳೇ ಪ್ರೋಗ್ರಾಮಿಂಗ್ ಭಾಷೆ ಇದೆಯಂತೆ, ಅದು ಕೆಲಸಕ್ಕೆ ಬಾರದ್ದು ಅಂದವರನ್ನು ಮಾತ್ರ ಅವನು ಬಿಡುವವನಲ್ಲ.

ಹಾಗನ್ನುವವನೊಬ್ಬ ಗಂಟು ಬಿದ್ದಿದ್ದ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಲೋಗನಾಥನ್. ಒಬ್ಬರ ಮುಖ ಒಬ್ಬರು ಕಂಡಿಲ್ಲ. ಆನ್‌ಲೈನ್ ಗುಂಪಿನಲ್ಲಿ ವರ್ಷಗಟ್ಟಲೆ ಜಗಳ. “ನಮ್ಮನೆ ಮೋಟರು ಫೋರ್ತ್‌ನಲ್ಲೇ ಓಡೋದು, ಟ್ಯಾಂಕು ತುಂಬಿದರೆ ತಾನೇ ನಿಲ್ಲುತ್ತೆ” ಅಂತ ಭಾವ ಬರೆದರೆ, “ಅದಕ್ಕೆ ಟ್ಯಾಂಕಿನಲ್ಲಿ ತೇಲೋ ಒಂದು ಪ್ಲಾಸ್ಟಿಕ್ ಚೆಂಡು ಸಾಕು” ಅಂತ ಅವನು. ಗುಂಪಿನ ಮಿಕ್ಕವರು ಬೇಸತ್ತು ಜಾಗ ಖಾಲಿ ಮಾಡಿದರು. ಇವರಿಬ್ಬರೇ ಉಳಿದರು.

ಹೋದ ತಿಂಗಳು ಭಾವನ ಅಪ್ಪನ ಶ್ರಾದ್ಧಕ್ಕೆ ನಾನೂ ಹೋಗಿದ್ದೆ. ಭಾವ ಮಡಿಯುಟ್ಟು ಆಚಾರ್ಯರ ದಾರಿ ಕಾಯುತ್ತಿದ್ದ. ಮಡಿಯಲ್ಲಿರುವವನು ಫೋನು ಮುಟ್ಟುವಂತಿಲ್ಲ. ಆಗಲೇ ಫ್ರಿಜ್ಜಿನ ಮೇಲಿದ್ದ ಫೋನು ಟಿಣ್ ಅಂತು. ಮಗಳು ಲಕ್ಷ್ಮೀಪ್ರಿಯಾ ಓದಿದಳು: “ಚೆಂಡಿನ ಕೈಲಾಗದ ಒಂದು ಕೆಲಸ ಹೇಳಿ ಸಾರ್. ಇಲ್ಲವಾದರೆ ನೀವು ಸೋತಿರಿ.”

ಭಾವನ ಕೈ ಫ್ರಿಜ್ಜಿನವರೆಗೂ ಹೋಗಿ ವಾಪಸು ಬಂತು. ನೋಡಲಾಗಲಿಲ್ಲ, ಪಾಪ.

“ಕಣ್ಣು, ನಾ ಹೇಳ್ತೀನಿ, ನೀ ಟೈಪ್ ಮಾಡು. ಮೊದಲನೇ ಪಾಯಿಂಟು...”

ಒಳಗಿನಿಂದ ಅಕ್ಕ ವೇದವತಿ ಕೂಗಿದಳು. “ತಿಥಿ ದಿನಾನೂ ಸಂಡೈ, ಜಗಳ ಹಾಕ್ಬೇಕಾ? ಪೇಸಾಮೆ ಸುಮ್ನೆ ಇರಿ!”

ಲಕ್ಷ್ಮೀಪ್ರಿಯಾಗೆ ಕಾಲೇಜಿಗೆ ಹೊತ್ತಾಗಿತ್ತು. ಭಾವ ಕಣ್ಣುಮುಚ್ಚಿ ಪಾಯಿಂಟು ಹೇಳುತ್ತಲೇ ಇದ್ದ, ಅವಳು ಬರೆದದ್ದು ಇಷ್ಟೇ: “ನಾನು ಅವರ ಮಗಳು. ಅಪ್ಪ ಫೋನ್ ಮುಟ್ಟುವ ಸ್ಥಿತಿಯಲ್ಲಿಲ್ಲ. ಮನೆಗೆ ಪುರೋಹಿತರು ಬರುತ್ತಿದ್ದಾರೆ. ನೀವೇ ಗೆದ್ದಿರಿ.”

“ಎಲ್ಲಾ ಹಾಕಿದ್ಯಾ?”

“ಹಾಕ್ದೆ ಪಾ,” ಅಂದವಳೇ ಬಸ್ಸು ಹಿಡಿಯಲು ಓಡಿದಳು.

ಶ್ರಾದ್ಧ ಮುಗಿದು, ಊಟವಾಗಿ, ಭಾವ ವರಾಂಡದಲ್ಲಿ ಅಡ್ಡಾಗಿದ್ದಾಗ ಗೇಟಿನ ಮುಂದೆ ಬೈಕು ನಿಂತಿತು. ಬೆವರಲ್ಲಿ ತೊಯ್ದುಹೋದ ಒಬ್ಬ ಗುಂಡು ಮನುಷ್ಯ ಇಳಿದ. ಕೈಯಲ್ಲಿ ದಪ್ಪನೆಯ ಗುಲಾಬಿ ಹಾರ. ಮೋಟರಿಗೆ ಕಂಪ್ಯೂಟರ್ ಕಟ್ಟಿದ ಮನೆ ಯಾವುದು ಅಂತ ಕೇಳಿದ್ದಕ್ಕೆ ಬೀದಿಯೇ ಕೈ ತೋರಿಸಿತಂತೆ.

“ವಾದೀಶ ಸಾರ್‌ನ ಆಗಲೇ ತಗೊಂಡು ಹೋದ್ರಾ?” ತಮಿಳಿನಲ್ಲಿ ಕೇಳಿದ. ಕೇಳಿದ್ದು ಭಾವನನ್ನೇ.

“ನಾನೇ ವಾದೀಶ,” ಅಂದ ಭಾವ.

ಲೋಗನಾಥನ್ ಹಾರ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕುಸಿದ. “ಅಪ್ಪ ಸೋತರು ಅಂತ ನಿಮ್ಮ ಮಗಳು ಬರೆದಿದ್ರಲ್ಲ ಸಾರ್, ಪುರೋಹಿತರು ಬರ್ತಿದ್ದಾರೆ ಅಂತಾನೂ! ಉಸಿರಿರೋ ತನಕ ನೀವು ಸೋಲು ಒಪ್ಪೋ ಆಳೇ ಅಲ್ಲ. ಮುಗೀತು ಅಂದುಕೊಂಡೆ.” ಅವನಿಗೆ ಅಳು ತಡೆಯಲಾಗಲಿಲ್ಲ.

“ಸೋತೆ ಅಂತಾನಾ? ನಾನಾ?” ಭಾವ ಎದ್ದು ಕೂತ.

“ಅದನ್ನ ನಾನು ಲೆಕ್ಕಕ್ಕೆ ತಗೊಳ್ಳಲ್ಲ ಸಾರ್,” ಅಂದ ಲೋಗನಾಥನ್, ಮೂಗು ಒರೆಸಿಕೊಳ್ಳುತ್ತಾ.

ಹಾರ ಭಾವನ ಅಪ್ಪನ ಫೋಟೋಗೆ ಬಿತ್ತು. ಕಾಫಿ ಕುಡಿದು ಇಬ್ಬರೂ ಮೋಟರು ನೋಡಲು ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತಿಗೇ ಚೆಂಡು, ಚೆಂಡು ಅಂತ ಕೂಗಾಟ ಶುರುವಾಯಿತು.

ಆ ಫೋರ್ತ್ ಯಾವ ಉಪಯೋಗಕ್ಕೋ ನನಗೆ ಇವತ್ತಿಗೂ ತಿಳಿಯದು. ನಾನು ಸತ್ತೆ ಅಂತ ಸುದ್ದಿಯಾದರೆ ತಿರುಪ್ಪೂರಿನಿಂದ ಬಿಸಿಲಲ್ಲಿ ಹಾರ ಹಿಡಿದು ಓಡಿಬರುವವರು ಯಾರಿದ್ದಾರೆ ಅಂತ ವರಾಂಡದಲ್ಲಿ ಕೂತು ಯೋಚಿಸಿದೆ. ಒಂದು ಹೆಸರೂ ಹೊಳೆಯಲಿಲ್ಲ. ಹೊಟ್ಟೆ ಉರಿಯಿತು.