ರಸ್ತೆ ಬಂದು ನಿಲ್ಲುವ ಮನೆ

೧೯೮೯ರಲ್ಲಿ ನಾನು ಓದು ನಿಲ್ಲಿಸಿದೆ. ನಿಲ್ಲಿಸಿದೆ ಎಂದರೆ ಯೋಚನೆ ಮಾಡಿ ಬ್ರೇಕ್ ಹಾಕಿದ್ದಲ್ಲ. ಡೀಸೆಲ್ ಮುಗಿದ ಗಾಡಿಯ ಹಾಗೆ ಅದು ತಾನಾಗಿಯೇ ನಿಂತಿತು. ಬೆಂಗಳೂರಿನ ಶ್ರೀನಗರದ ಸರ್ಕಾರಿ ಶಾಲೆಯಲ್ಲಿ ಒಂಬತ್ತನೇ ತರಗತಿ. ಅಪ್ಪ ಸೊಂಟ ಹಿಡಿದು ಮಲಗಿದ್ದರು. ಶಾಲೆಯ ಎದುರಿಗೇ ಗೂಡ್ಸ್ ಟೆಂಪೊಗಳ ಸ್ಟ್ಯಾಂಡು. ಒಂದು ಬೆಳಿಗ್ಗೆ ಈ ಕಡೆ ತಿರುಗಬೇಕಾದ ಕಾಲು ಆ ಕಡೆ ತಿರುಗಿತು, ಅಷ್ಟೇ. ಆಮೇಲೆ ಲೋಡರ್, ಕ್ಲೀನರ್, ಡ್ರೈವರ್, ಓನರ್ ಎಂಬ ಪರೀಕ್ಷೆಗಳನ್ನೆಲ್ಲ ಒಂದಾದ ಮೇಲೊಂದು ಪಾಸು ಮಾಡಿದೆ. ಇದನ್ನು ಹೇಳುವಾಗ ನನ್ನ ಎದೆ ಸ್ವಲ್ಪ ಮುಂದೆ ಬರುತ್ತದೆ ಎಂದು ನನ್ನ ಹೆಂಡತಿ ನಾಗರತ್ನ ತಮಾಷೆ ಮಾಡುತ್ತಾಳೆ. ಬರಲಿ ಬಿಡಿ. ಅಷ್ಟೊಂದು ಕಬ್ಬಿಣದ ಬೀರು ಹೊತ್ತ ಬೆನ್ನು, ಎದೆಗೆ ಅಷ್ಟಾದರೂ ಸಲಿಗೆ ಕೊಡಬೇಕಲ್ಲ.

ಜನರ ಮನೆ ಖಾಲಿ ಮಾಡಿಸುವುದು ನನ್ನ ಕಸುಬು. ರೌಡಿ ಎಂದುಕೊಳ್ಳಬೇಡಿ, ಶಿಫ್ಟಿಂಗ್. ಜಯನಗರದಿಂದ ಜೆ.ಪಿ. ನಗರಕ್ಕೆ, ಬನಶಂಕರಿಯಿಂದ ಜರಗನಹಳ್ಳಿಗೆ, ಅಲ್ಲಿಂದ ಮತ್ತೆ ಇಲ್ಲಿಗೆ. ಊರಿನ ಈ ಭಾಗದ ಅರ್ಧ ಜನರ ಮಂಚ ಎಷ್ಟು ಭಾರ ಎಂದು ನನಗೆ ಗೊತ್ತು. ಇನ್ನೂ ಒಂದು ವಿಷಯ ಗೊತ್ತು: ಹೊಸ ಮನೆಯೊಳಗೆ ಯಾರು ಮೊದಲು ಏನು ಒಯ್ಯುತ್ತಾರೆ ಎಂಬುದು. ಇದರ ಬಗ್ಗೆ ಯಾರಾದರೂ ಕೇಳಿದರೆ ನಾನು ಭಾಷಣವನ್ನೇ ಕೊಟ್ಟೇನು. ನಮ್ಮ ಕಡೆಯವರು ದೇವರ ಫೋಟೊ, ವಿಭೂತಿ ಗಟ್ಟಿ. ತಮಿಳರು ಉಪ್ಪು, ಅರಿಸಿನ. ಸಾಬರ ಮನೆಯಲ್ಲಿ ಬಟ್ಟೆ ಸುತ್ತಿದ ಕುರಾನನ್ನು ಹಿರಿಯರೊಬ್ಬರು ತಲೆಯ ಮೇಲಿಟ್ಟುಕೊಂಡು ಬರುವಾಗ ನಾವು ಸೋಫಾ ಹಿಡಿದು ಪಕ್ಕಕ್ಕೆ ನಿಲ್ಲುತ್ತೇವೆ. ಬನಶಂಕರಿಯ ಒಬ್ಬ ನಿವೃತ್ತ ಯಜಮಾನರು ಹೆಂಡತಿ ಎಷ್ಟು ಹೇಳಿದರೂ ಕೇಳದೆ ಮೊದಲು ರೇಡಿಯೊ ಒಯ್ದರು. ಈಗಿನ ಹುಡುಗರಂತೂ ವೈಫೈ ಡಬ್ಬಿಯನ್ನು. ಅವರಿಗೆ ಮುಹೂರ್ತ ಬೇಡ, ಅದರ ದೀಪ ಮಿನುಗಿದರೆ ಸಾಕು. ಹಾಲು ಉಕ್ಕಿದಷ್ಟೇ ಖುಷಿ.

ಇಷ್ಟೆಲ್ಲ ಗೃಹಪ್ರವೇಶ ಮಾಡಿಸಿದ ನಾನು ಮಾತ್ರ ಮದುವೆಯಾದಂದಿನಿಂದ ಬಾಡಿಗೆ ಮನೆಯವನು. ಅದೂ ಹಿಂದಿನ ಪೋರ್ಷನ್ನಿನವನು. ಬೆಂಗಳೂರಿನಲ್ಲಿ ಓನರ್ ಮುಂದೆ ಇರುತ್ತಾರೆ, ಬಾಡಿಗೆಯವರು ಹಿಂದೆ. ಪಕ್ಕದ ಸಂದಿಯಲ್ಲಿ ಸೈಡಾಗಿ ನಡೆದು, ಓನರ್ ಮನೆಯ ಸ್ನಾನದ ನೀರು ದಾಟಿ, ಸಂಪಿನ ಮುಚ್ಚಳ ತುಳಿಯದೆ ಹೋದರೆ ನಮ್ಮ ಬಾಗಿಲು. ಪದ್ಮನಾಭನಗರದ ಓನರ್ ಮೇಲೆ ಎರಡು ಮಹಡಿ ಏರಿಸಬೇಕೆಂದು ಮನೆ ಬಿಡಲು ಹೇಳಿದ ದಿನ ನಾಗರತ್ನ ಗಲಾಟೆ ಮಾಡಲಿಲ್ಲ. ಅವಳು ಗಲಾಟೆ ಮಾಡದಿದ್ದರೆ ನನಗೆ ಭಯ.

"ನೋಡ್ರೀ," ಎಂದಳು. "ಇನ್ನೊಂದು ಸಲ ಪಾತ್ರೆ ಕಟ್ತೀನಿ. ಕಟ್ಟಿದ್ರೆ ನಮ್ಮನೇಗೇ. ಬೇರೆಯವರ ಮನೇಗಾದ್ರೆ ನೀವೇ ಕಟ್ಕೊಳ್ಳಿ, ಹೆಂಗೂ ನಿಮ್ಮ ಕಸುಬೇ ಅದು."

ಹುಡುಕಾಟ ಶುರುವಾಯಿತು. ನಮ್ಮ ಕೈಗೆ ಎಟುಕಿದ ಮನೆ ಊರಿಗೆ ದೂರ, ಊರಿಗೆ ಹತ್ತಿರದ್ದು ಕೈಗೆ ದೂರ. ಅಂಥದ್ದರಲ್ಲಿ ಬಿಟಿಎಂ ಲೇಔಟಿನ ಒಂದು ಕ್ರಾಸಿನ ತುದಿಯಲ್ಲಿ ಅರ್ಧ ಸೈಟಿನ ಮನೆಯೊಂದು ಸಿಕ್ಕಿತು. ಹಳದಿ ಬಣ್ಣ, ಗಟ್ಟಿ ಗೋಡೆ, ಬೆಲೆ ನಮ್ಮ ಅಳತೆಗೆ. ಅಷ್ಟು ದಿನ ಯಾಕೆ ಮಾರಾಟವಾಗಿಲ್ಲ ಎಂದರೆ, ಮೇನ್ ರೋಡಿನಿಂದ ಬರುವ ಕ್ರಾಸು ಎಲ್ಲೂ ಬಳುಕದೆ ನೇರವಾಗಿ ಬಂದು ಅದರ ಗೇಟಿಗೇ ನಿಲ್ಲುತ್ತದೆ. ವೀಧಿಶೂಲ ಎನ್ನುತ್ತಾರೆ, ರಸ್ತೆಯೇ ಈಟಿಯಾಗಿ ಮನೆಯನ್ನು ತಿವಿಯುತ್ತದಂತೆ. ಬಂದವರೆಲ್ಲ ಗೇಟಿನಲ್ಲೇ ತಿರುಗಿ ರಸ್ತೆ ನೋಡಿ, ಹಾಗೇ ಹೊರಟು ಹೋಗಿದ್ದರು.

ನನಗೋ, ಆ ರಸ್ತೆ ನೋಡಿದ ಕೂಡಲೇ ಬಾಯಲ್ಲಿ ನೀರೂರಿತು. ಟೆಂಪೊದವನ ಸಂಕಟ ನಿಮಗೇನು ಗೊತ್ತು? ಇಕ್ಕಟ್ಟಿನ ಕ್ರಾಸುಗಳಲ್ಲಿ ರಿವರ್ಸ್ ಹಾಕಿ ಹಾಕಿ ನನ್ನ ಕುತ್ತಿಗೆ ಒಂದು ಕಡೆಗೇ ತಿರುಗಿ ನಿಂತಿದೆ. ಇಲ್ಲಿ ಮೇನ್ ರೋಡಿನಲ್ಲಿ ಸ್ಟೀರಿಂಗ್ ನೆಟ್ಟಗೆ ಹಿಡಿದರೆ ಸಾಕು, ಗಾಡಿ ಮನೆ ಬಾಗಿಲಿಗೇ! ಮತ್ತೆ, ಯೋಚನೆ ಮಾಡಿ: ಎಲ್ಲ ರಸ್ತೆಯೂ ಎಲ್ಲಾದರೂ ಒಂದು ಕಡೆ ಮುಗಿಯಲೇಬೇಕಲ್ಲವೇ? ಮುಗಿದಲ್ಲೆಲ್ಲ ಕೇಡು ಎನ್ನುವುದಾದರೆ ಈ ಊರಿನಲ್ಲಿ ಎಷ್ಟು ಮನೆ ಉಳಿಯುತ್ತವೆ?

ನನ್ನ ವಾದ ನನ್ನ ಭಾವನಿಗೆ ಹಿಡಿಸಲಿಲ್ಲ. ಭಾವ ಎಂದರೆ ನಾಗರತ್ನಳ ಅಣ್ಣ ಶಿವಣ್ಣ. ಸ್ಟೀಲ್ ಪಾತ್ರೆ ವ್ಯಾಪಾರಿ, ಮೊಬೈಲಿನಲ್ಲಿ ದಿಕ್ಸೂಚಿ ಇಟ್ಟುಕೊಂಡೇ ಓಡಾಡುವ ಮನುಷ್ಯ. ಹೋಟೆಲಿನಲ್ಲೂ ದಿಕ್ಕು ನೋಡಿ ಕೂರುತ್ತಾರೆ.

"ಮಾದೇವ, ಬೇಡ," ಎಂದರು. "ಬೇಕಾದ್ರೆ ಮೂಲೆ ಮನೆ ತಗೋ, ಗಲ್ಲಿ ಮನೆ ತಗೋ. ಇದು ಮನೆಯಲ್ಲ ಕಣಯ್ಯಾ, ಟಾರ್ಗೆಟ್ಟು."

ನಾಗರತ್ನಳಿಗೂ ಅದೇ ಹೆದರಿಕೆ. ಮನೆ ನೋಡಲೂ ಬಾರದೆ, ಫೋಟೊ ನೋಡಿಯೇ ತಲೆ ಅಲ್ಲಾಡಿಸಿದಳು. ಅವಳಿಗೆ ಬೇಡವಾದ ಮನೆಯನ್ನು ನಾನು ಕೊಳ್ಳುವ ಹಾಗಿರಲಿಲ್ಲ. ಅವಳ ಮನಸ್ಸಿಲ್ಲದೆ ಅವಳ ಪಾತ್ರೆ ಹೇಗೆ ಸಾಗಿಸಲಿ?

ಮನೆ ಮಾರುತ್ತಿದ್ದವರು ಕೇರಳದವರು, ನಿವೃತ್ತ ನರ್ಸು; ಬೀದಿಗೆಲ್ಲ ಸಿಸ್ಟರ್ ಆಂಟಿ. ತಮ್ಮ ಊರಿನಲ್ಲಿರುವ ತಂಗಿಯ ಜೊತೆ ಇರಲು ಖುಷಿಯಿಂದ ಹೊರಟು ನಿಂತಿದ್ದರು. ಅವರ ಕಾಂಪೌಂಡಿನಲ್ಲಿ, ರಸ್ತೆ ಬಂದು ಮುಟ್ಟುವ ಜಾಗಕ್ಕೆ ಸರಿಯಾಗಿ, ಪುಟ್ಟ ಗೂಡು, ಒಳಗೆ ಕಲ್ಲಿನ ಗಣೇಶ, ಮೇಲೊಂದು ಬಲ್ಬು. ಕೊರಳಲ್ಲಿ ಶಿಲುಬೆ, ಗೋಡೆಯಲ್ಲಿ ಗಣೇಶ, ಹೇಗೆ ಎಂದು ಕೇಳಿದೆ.

"ಮೇಸ್ತ್ರಿ ಹೇಳ್ದ, ಪಿಳ್ಳೆಯಾರ್ ಇಡ್ದೆ ಗೋಡೆ ಎಬ್ಬಿಸಲ್ಲ ಅಂತ. ನಾನು ಹೇಳ್ದೆ, ನಮ್ಮದು ಚರ್ಚ್ ಅಲ್ವಾ ಅಪ್ಪಾ. ಅವನು ಏನು ಹೇಳ್ದ ಗೊತ್ತಾ? ಅಮ್ಮಾ, ನಿಮ್ಮದು ಚರ್ಚ್ ಅಂತ ರಸ್ತೆಗೆ ಗೊತ್ತಾ?" ಆಂಟಿ ಜೋರಾಗಿ ನಕ್ಕರು. "ಇಟ್ಟೆ. ದಿನಾ ಎದುರು ಮನೆ ಸೆಲ್ವಿ ಹೂ ಇಡ್ತಾಳೆ. ಬಲ್ಬ್ ನನ್ನ ಮೀಟರಲ್ಲಿ. ಕ್ರಿಸ್‌ಮಸ್ ನಕ್ಷತ್ರಕ್ಕೂ ಅದೇ ವೈರು."

ಇನ್ನೊಬ್ಬರು ಮನೆ ಕೇಳುತ್ತಿದ್ದಾರೆ, ಭಾನುವಾರ ತಾನು ಚರ್ಚಿನಿಂದ ಬರುವಷ್ಟರಲ್ಲಿ ನಮ್ಮ ಮಾತು ಗೊತ್ತಾಗಬೇಕು ಎಂದರು. ನಾಗರತ್ನ ಅದಕ್ಕೂ ತಯಾರಾದಳು. "ಬೇಡ ಅನ್ನೋದನ್ನ ಫೋನಲ್ಲಿ ಹೇಳ್ಬಾರ್ದು. ವಯಸ್ಸಾದವ್ರು. ಎದುರಿಗೆ ಹೋಗಿ ಹೇಳಿ ಬರೋಣ." ನನ್ನ ಹೆಂಡತಿ ಇಲ್ಲ ಎನ್ನುವುದಕ್ಕೂ ಸೀರೆ ಬದಲಿಸಿ ಹೂ ಮುಡಿದು ಹೋಗುವವಳು.

ಭಾನುವಾರ ಅವಳನ್ನು ಗೇಟಿನಲ್ಲಿ ಇಳಿಸಿದೆ. ಸೆಲ್ವಿ ಬಂದು, ಆಂಟಿ ಇನ್ನೂ ಬಂದಿಲ್ಲ, ಕೂತ್ಕೊಳ್ಳಿ ಅಕ್ಕ ಎಂದು ಮೆಟ್ಟಿಲ ಮೇಲೆ ಕೂರಿಸಿ, ಲೋಟದಲ್ಲಿ ಕಾಫಿ ಕೊಟ್ಟಳು. ಬಸ್ಸಿನಲ್ಲಿ ಬಂದ ಭಾವನನ್ನು ಕರೆತರಲು ನಾನು ಮೇನ್ ರೋಡಿಗೆ ನಡೆದೆ. ಬರುವಾಗ ದಾರಿಯುದ್ದಕ್ಕೂ ಅವರ ಉಪದೇಶ, ನನ್ನ ಎದುರುತ್ತರ. ಕೈ ಬೀಸಿಕೊಂಡು, ಮೊಬೈಲಿನ ದಿಕ್ಸೂಚಿಗೆ ಬೆರಳು ಕುಟ್ಟಿಕೊಂಡು, ನಡುರಸ್ತೆಯಲ್ಲಿ ನಿಂತು ನಿಂತು ಬಂದೆವು. ಮನೆ ಹತ್ತಿರವಾದಾಗ ನೋಡಿದರೆ ನಾಗರತ್ನ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಾಳೆ.

"ಏನೇ?" ಎಂದೆ.

"ಆ ತುದೀಲಿ ತಿರುಗಿದಾಗ್ಲಿಂದ ನೋಡ್ತಿದ್ದೀನಿ. ನಿಮ್ಮ ಕೈ ಮೇಲೆ ಹೋದಾಗೆಲ್ಲ ಅಣ್ಣಂದು ಕೆಳಗೆ, ಅಣ್ಣಂದು ಮೇಲೆ ಹೋದ್ರೆ ನಿಮ್ದು ಕೆಳಗೆ. ಮಾತು ಕೇಳ್ದೇನೇ ಯಾರು ಸೋಲ್ತಿದ್ದಾರೆ ಅಂತ ಗೊತ್ತಾಗ್ತಿತ್ತು."

"ಯಾರು ಸೋತ್ರು?" ಭಾವ ಕೇಳಿದರು.

ಅವಳ ನಗು ನಿಂತಿತು. ಖಾಲಿ ಲೋಟವನ್ನು ಮಡಿಲಲ್ಲಿಟ್ಟುಕೊಂಡು ರಸ್ತೆಯ ಕಡೆಗೇ ನೋಡುತ್ತ ಹೇಳಿದಳು: "ಮದುವೆ ಆದಾಗ್ಲಿಂದ ಇವ್ರು ಬರೋದನ್ನ ನಾನು ನೋಡೇ ಇಲ್ಲ ಅಣ್ಣ. ಹಿಂದಿನ ಮನೇಲಿ ಗೇಟ್ ಸದ್ದು ಕೇಳೋದು, ಆಮೇಲೆ ಬಾಗಿಲಲ್ಲಿ ಇವ್ರ ಮುಖ. ಮಳೇಲಿ ಲೇಟಾದ್ರೆ ಸದ್ದಿಗೇ ಕಾಯ್ತಾ ಕೂತಿರ್ತಿದ್ದೆ. ಇಲ್ಲಿ ಅಷ್ಟು ದೂರದಿಂದ್ಲೇ ಕಾಣ್ತಾರೆ."

"ಆದ್ರೆ ಶೂಲ, ನಾಗೂ..." ಎಂದರು ಭಾವ.

"ಶೂಲ ಆದ್ರೆ ಆಗ್ಲಿ. ಬರೋರು ಕಾಣ್ತಾರೆ."

ಶಿವಣ್ಣ ದೊಡ್ಡ ಮನುಷ್ಯರು. ಮೊಬೈಲನ್ನು ಜೇಬಿಗಿಟ್ಟುಕೊಂಡು ಗಣೇಶನ ಗೂಡಿನ ಮುಂದೆ ಕೈ ಮುಗಿದರು. "ಸರಿ. ಇವನು ಇದ್ದಾನಲ್ಲ, ನೋಡ್ಕೋತಾನೆ. ಬಲ್ಬ್ ಮಾತ್ರ ಆರಿಸ್ಬೇಡಿ," ಎಂದರು. ಅಷ್ಟರಲ್ಲಿ ದೂರದ ತಿರುವಿನಲ್ಲಿ ಬಿಳಿ ಸೀರೆ, ಬಣ್ಣದ ಕೊಡೆ ಕಾಣಿಸಿತು. ಬೇಡ ಎನ್ನಲು ಬಂದಿದ್ದ ನಾಗರತ್ನ ಎದ್ದು ನಿಂತು, ಸಿಸ್ಟರ್ ಆಂಟಿ ಇನ್ನೂ ಅರ್ಧ ರಸ್ತೆಯಲ್ಲಿರುವಾಗಲೇ ಕೈ ಬೀಸಿ ಹೂಂ ಎಂದು ಕೂಗಿಬಿಟ್ಟಳು. ನಾಲ್ಕು ಮನೆಯವರು ಬಾಗಿಲಿಗೆ ಬಂದು ನೋಡಿದರು.

ಶಿಫ್ಟಿಂಗ್ ದಿನ ಮೊದಲು ಏನು ಒಯ್ಯಬೇಕೆಂದು, ಅಷ್ಟೊಂದು ತಿಳಿದಿದ್ದ ನಾನು, ತಬ್ಬಿಬ್ಬಾಗಿ ನಿಂತೆ. ನಾನು ನಿರ್ಧರಿಸುವ ಮೊದಲೇ ಸೆಲ್ವಿ ಉಪ್ಪಿನ ಪೊಟ್ಟಣದೊಂದಿಗೆ ಒಳಗಿದ್ದಳು. ಪಕ್ಕದ ಪಿ.ಜಿ.ಯ ಮಣಿಪುರದ ಹುಡುಗಿಯರಿಬ್ಬರು, "ಅಂಕಲ್, ಹೆಲ್ಪ್?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಕ್ಕಿ ಮೂಟೆ ಎತ್ತಿದರು. ಮೂಲೆಯ ದರ್ಜಿ ಸಾಬರು ಅಂಗಡಿಯ ಮುಂದಿನ ಸ್ಕೂಟರ್‌ಗಳನ್ನೆಲ್ಲ ಸರಿಸಿ ನನ್ನ ಟೆಂಪೊಗೆ ದಾರಿ ಬಿಡಿಸಿದರು. ಬೇರೆಯವರ ಸಾಮಾನನ್ನು ಇಷ್ಟು ವರ್ಷ ಹೊತ್ತಿದ್ದೇನೆ. ನನ್ನ ಸಾಮಾನನ್ನು ಬೇರೆಯವರು ಹೊತ್ತದ್ದನ್ನು ಅವತ್ತೇ ಕಂಡದ್ದು. ಅಭ್ಯಾಸಬಲದಿಂದ, "ನಿಧಾನ, ಮೂಲೆ ತಗುಲುತ್ತೆ" ಎಂದೆ. ಅದನ್ನೇ ಅವರು ಥ್ಯಾಂಕ್ಸ್ ಎಂದು ತಿಳಿದುಕೊಂಡರೆಂದು ನಂಬಿದ್ದೇನೆ. ಹಾಗೆ ತಿಳಿಯದಿದ್ದರೆ, ಇದೋ, ಇಲ್ಲಿ ಹೇಳುತ್ತಿದ್ದೇನೆ.

ನೇರ ರಸ್ತೆಯಿಂದ ಒಂದೇ ಒಂದು ನಷ್ಟವಾಗಿದೆ. ಕ್ರಾಸಿನ ಆ ತುದಿಯಲ್ಲಿ ಒಂದು ಟೀ ಅಂಗಡಿ. ಮೊನ್ನೆ ಗೆಳೆಯರ ಜೊತೆ ಅಲ್ಲಿ ಬೋಂಡಾ ತಿನ್ನುತ್ತ ನಿಂತಿದ್ದಾಗ ಫೋನ್ ಬಂತು. "ಸಿಲ್ಕ್ ಬೋರ್ಡ್ ಹತ್ರ ಜಾಮು ನಾಗೂ, ಅರ್ಧ ಗಂಟೆ ಆಗುತ್ತೆ," ಎಂದೆ.

"ಆಗ್ಲಿ," ಎಂದಳು. "ಕೈಯಲ್ಲಿರೋ ಆ ಬೋಂಡಾ ಮುಗಿಸ್ಕೊಂಡೇ ಬನ್ನಿ."

ಇವತ್ತು ಲೆಕ್ಕ ಹಾಕಿದರೆ ನನ್ನ ಬಳಿ ಇರುವುದು ಇಷ್ಟು: ಒಂದು ಹಾಲ್, ಎರಡು ರೂಮು, ಒಂದು ಅಡುಗೆಮನೆ, ಮೂರು ಬೀಗದ ಕೈ, ಒಬ್ಬಳು ಹೆಂಡತಿ. ಅವಳಿಗೆ ಹೇಳಬಹುದಾದ ಸುಳ್ಳು, ಒಂದೂ ಇಲ್ಲ.